ಹೆಸರಿಲ್ಲದ ಅಗ್ಗದ ಲ್ಯಾಪ್‌ಟಾಪ್: ಕೊಳ್ಳಬೇಕೆ, ಬೇಡವೆ?

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: "ಗುರುಗಳ, ಮಗಳು ಕಾಲೇಜಿಗೆ ಹೊಂಟಾಳ. ದೊಡ್ಡ ಕಂಪನಿ ಲ್ಯಾಪ್‌ಟಾಪ್ ನಮ್ಮ ಕೈಗೆ ನಿಲುಕೂದಿಲ್ಲ. ಅರ್ಧ ರೇಟಿನಾಗ ಒಂದು ಸಿಗತೈತಿ, ತಗೋಬಹುದೇನ್ರಿ?" ಕಬ್ಬಿನ ಬಿಲ್ಲಿನಿಂದಲೋ ಅರಿಶಿನ ಮಾರಿಯೋ ಕೂಡಿಟ್ಟ ಹಣ ಅದು. ಆದುದರಿಂದ ಒಂದೇ ಮಾತಿನಲ್ಲಿ ಉತ್ತರಿಸದೆ ಗುಣದೋಷಗಳೆರಡನ್ನೂ ತೂಗಿ ನೋಡೋಣ.

ದೊಡ್ಡ ಹೆಸರಿಲ್ಲದ ವಸ್ತುವೆಲ್ಲ ಕಳಪೆಯಲ್ಲ. ನಮ್ಮ ಮಿರಜದ ತಂಬೂರಿಯನ್ನೇ ನೋಡಿರಿ. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಗಾಯಕರು ಅವನ್ನು ನಂಬಿ ಕೊಳ್ಳುತ್ತ ಬಂದಿದ್ದಾರೆ. ಮಾಡಿದವರ ಮನೆ ಗೊತ್ತು. ನಾದ ಕೆಟ್ಟರೆ ಅಲ್ಲಿಗೇ ಒಯ್ದು ಜವಾರಿ ಸರಿಮಾಡಿಸಬಹುದು. ಅಂದರೆ ವಸ್ತುವಿಗೆ ಹೆಸರಿಗಿಂತಲೂ ಹೊಣೆಗಾರರು ಮುಖ್ಯ. ಲ್ಯಾಪ್‌ಟಾಪಿಗೂ ಇದೇ ಮಾತು ಸಲ್ಲುತ್ತದೆ.

ಅಗ್ಗದ ಯಂತ್ರದಿಂದ ಲಾಭವಿಲ್ಲವೆಂದಲ್ಲ. ಸಾಲವಿಲ್ಲದೆ ಕೊಳ್ಳಬಹುದು. ಕನ್ನಡದಲ್ಲಿ ಪ್ರಬಂಧ ಬರೆಯಲು, ಅರ್ಜಿ ತುಂಬಲು, ಬಾಲಭಾರತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪರದೆಯ ಮೇಲೆ ಓದಲು ಹೆಚ್ಚಿನ ಶಕ್ತಿ ಬೇಕಾಗಿಲ್ಲ.

ಇನ್ನು ದೋಷಗಳು. ರ‍್ಯಾಮ್ ಎಂಬುದು ಓದುವ ಮೇಜಿದ್ದಂತೆ. ಸಂಗ್ರಹವು ಪುಸ್ತಕದ ಕಪಾಟಿದ್ದಂತೆ. ಮೇಜು ಚಿಕ್ಕದಾದರೆ ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ತೆರೆದಿಡಲಾಗದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕು. ಅನೇಕ ಅಗ್ಗದ ಯಂತ್ರಗಳಲ್ಲಿ ಇರುವುದೇ ಅಷ್ಟು. ಅದೂ ಬೆಸುಗೆ ಹಾಕಿದ್ದರೆ ಮುಂದೆ ಹೆಚ್ಚಿಸಲು ಬರುವುದಿಲ್ಲ. ಬ್ಯಾಟರಿಯ ಕಸುವು ಯಾವ ಯಂತ್ರದಲ್ಲಾದರೂ ವರ್ಷಗಳೊಂದಿಗೆ ಕುಂದುತ್ತದೆ. ಹೆಸರಿಲ್ಲದ ಯಂತ್ರಕ್ಕೆ ಸರಿಹೊಂದುವ ಬೇರೆ ಬ್ಯಾಟರಿ ಸಿಗುವುದೇ ಕಷ್ಟ. ನಮಗೂ ಈ ಪಾಠವಾಗಿದೆ. ಮನೆಗೆ ತಂದ ಅಂಥದೊಂದು ಯಂತ್ರ ವರ್ಷ ತುಂಬುವ ಮೊದಲೇ ನಿಂತಿತು. ಬಿಲ್ಲು ಕೇಳಿ ಪಡೆದಿರಲಿಲ್ಲ. ಅಂಗಡಿಯವರನ್ನು ದೂರಲು ನಮ್ಮ ಬಳಿ ಆಧಾರವೇ ಇರಲಿಲ್ಲ.

ಆದುದರಿಂದ ಹಣ ಎಣಿಸುವ ಮೊದಲು ನಾಲ್ಕು ಸಂಗತಿಗಳನ್ನು ನೋಡಿರಿ. ಮೊದಲನೆಯದು, ಭಾರತೀಯ ಮಾನಕ ಬ್ಯೂರೋದ ಗುರುತು. ಸರಕಾರಿ ಆದೇಶದ ಮೇರೆಗೆ ಲ್ಯಾಪ್‌ಟಾಪುಗಳಿಗೆ ಈ ನೋಂದಣಿ ಕಡ್ಡಾಯ. ಯಂತ್ರದ ಮೇಲಿನ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಪರೀಕ್ಷಿಸಬಹುದು. ಎರಡನೆಯದು, ಪೆಟ್ಟಿಗೆಯ ಮೇಲೆ ಬರೆದುದನ್ನೇ ನಂಬದೆ, ಯಂತ್ರವನ್ನು ಚಾಲೂ ಮಾಡಿಸಿ ರ‍್ಯಾಮ್, ಸಂಗ್ರಹಗಳನ್ನು ಕಣ್ಣಾರೆ ನೋಡುವುದು. ಮೂರನೆಯದು, ಪಕ್ಕಾ ಬಿಲ್ಲು ಮತ್ತು ಲಿಖಿತ ವಾರಂಟಿ. ನಾಲ್ಕನೆಯದು, ಕೆಟ್ಟರೆ ಸಾಂಗಲಿ-ಮಿರಜದಲ್ಲಿಯೇ ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆ. ಇದಕ್ಕೆ ಅಂಗಡಿಯವರು ತಡವರಿಸಿದರೆ ಹಿಂತಿರುಗಿ ಬರುವುದೇ ಲೇಸು.

ಮೂರನೆಯ ದಾರಿಯೂ ಒಂದಿದೆ. ಕಚೇರಿಗಳಲ್ಲಿ ಬಳಸಿ ಬಿಟ್ಟ, ಹೆಸರಾಂತ ಕಂಪನಿಗಳ ಯಂತ್ರಗಳನ್ನು ದುರಸ್ತಿಗೊಳಿಸಿ ಕಡಿಮೆ ಬೆಲೆಗೆ ಮಾರುತ್ತಾರೆ. ಅವುಗಳ ಬಿಡಿಭಾಗಗಳು ದೊರೆಯುವ ಸಂಭವ ಹೆಚ್ಚು. ಆದರೆ ಬ್ಯಾಟರಿ ಹಳತಾಗಿರಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಕ್ಕೆ ವಿಂಡೋಸ್ 11 ಒಗ್ಗದಿದ್ದರೆ ಉಚಿತವಾಗಿ ದೊರೆಯುವ ಉಬುಂಟು ಹಾಕಿಸಬಹುದು. ಅದರಲ್ಲಿಯೂ ಕನ್ನಡ ಬರೆಯಲು ಬರುತ್ತದೆ.

ಕೊಂಡ ಮೇಲೆ ಮೋಸವೆನಿಸಿದರೆ ಸುಮ್ಮನಿರಬೇಡಿರಿ. 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಎರಡಕ್ಕೂ ಬಿಲ್ಲೇ ಬಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ನಿಜ. ಆದರೆ ಹಾಸಿಗೆ ಒಂದೇ ವರ್ಷಕ್ಕೆ ಹರಿಯುವಂತಿರಬಾರದು. ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ ನೋಡಿರಿ. ವಿದ್ಯಾರ್ಥಿ ಮಿತ್ರರೇ, ಗಣಿತದ ತಾಸಿನಲ್ಲಿ ಕಲಿತ ಈ ಭಾಗಾಕಾರವನ್ನು ನಿಮ್ಮ ತಂದೆತಾಯಿಗಳ ಪಕ್ಕದಲ್ಲಿ ಕುಳಿತು ಮಾಡಿರಿ. ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಆಗ ತಾನಾಗಿಯೇ ತಿಳಿಯುವುದು.