ಗೋಲುಪೆಟ್ಟಿಗೆಗೆ ನಿಂತ ಯುದ್ಧಕೈದಿ

ಫುಟ್‌ಬಾಲ್ ಚರಿತ್ರೆಯನ್ನು ಅಷ್ಟಿಷ್ಟು ಓದಿದವರಿಗೆಲ್ಲ ಈ ಪ್ರಸಂಗ ಗೊತ್ತಿರುತ್ತದೆ. 1956ರ ಮೇ 5. ಲಂಡನ್ನಿನ ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್. ಮ್ಯಾಂಚೆಸ್ಟರ್ ಸಿಟಿ ತಂಡ ಬರ್ಮಿಂಗ್‌ಹ್ಯಾಮ್ ಸಿಟಿಯ ಎದುರು 3–1ರಿಂದ ಮುಂದಿದೆ. ಇನ್ನು 17 ನಿಮಿಷದ ಆಟ ಬಾಕಿ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಮರ್ಫಿ ಚೆಂಡಿನ ಹಿಂದೆ ನುಗ್ಗಿ ಬಂದ. ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಅವನ ಕಾಲಡಿಗೇ ಹಾರಿ ಚೆಂಡನ್ನು ಬಾಚಿಕೊಂಡ. ಮರ್ಫಿಯ ಮಂಡಿ ನೇರ ಕತ್ತಿಗೆ ಬಡಿಯಿತು. ಟ್ರೌಟ್‌ಮನ್ ಬಿದ್ದ, ನೀರು ಚಿಮುಕಿಸಿದ ಮೇಲೆ ಎದ್ದ, ಕತ್ತು ಹಿಡಿದುಕೊಂಡೇ ಕೊನೆಯವರೆಗೂ ಗೋಲು ಕಾದ. ಸಿಟಿ ಕಪ್ ಗೆದ್ದಿತು. ಅವನ ಕತ್ತಿನ ಮೂಳೆ ಮುರಿದಿದೆ ಎಂಬುದು ಎಕ್ಸ್‌ರೇ ತೆಗೆಸಿದ ಮೇಲಷ್ಟೇ ಗೊತ್ತಾಯಿತು.

ಹೇಳುವವರೆಲ್ಲ ಇಲ್ಲಿಗೇ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನ್ನನ್ನು ಕಾಡಿದ ಪ್ರಶ್ನೆಯೇ ಬೇರೆ. ನಿಲ್ಲಲೂ ಆಗದೆ ತೂರಾಡುತ್ತಿದ್ದವನನ್ನು ಯಾರೂ ಹೊರಗೆ ಕರೆದುಕೊಂಡು ಹೋಗಲಿಲ್ಲ ಏಕೆ?

ಏಕೆಂದರೆ ಅವನ ಜಾಗಕ್ಕೆ ಬರಲು ಯಾರೂ ಇರಲಿಲ್ಲ. ಬದಲಿ ಆಟಗಾರ ಎಂಬ ಏರ್ಪಾಡೇ ಅಂದಿನ ಇಂಗ್ಲೆಂಡಿನ ಕ್ಲಬ್ ಆಟದಲ್ಲಿ ಇರಲಿಲ್ಲ. ಕಾಲು ಮುರಿಯಲಿ, ತಲೆ ಒಡೆಯಲಿ, ಶುರುಮಾಡಿದ ಹನ್ನೊಂದು ಜನರೇ ಮುಗಿಸಬೇಕು. ಒಬ್ಬ ಹೊರಗೆ ಹೋದರೆ ಹತ್ತು ಜನರಲ್ಲಿ ಏಗಬೇಕು. ಹಾಗಂದರೆ ಏನೆಂದು ಸಿಟಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ವರ್ಷದ ಫೈನಲ್‌ನಲ್ಲಿ ಅವರ ಜಿಮ್ಮಿ ಮೆಡೋಸ್ ಮೊದಲರ್ಧದಲ್ಲೇ ಮಂಡಿಗೆ ಪೆಟ್ಟು ತಿಂದು ಹೊರಬಿದ್ದಿದ್ದ. ಉಳಿದ ಹತ್ತು ಮಂದಿ ನ್ಯೂಕ್ಯಾಸಲ್ ಎದುರು 3–1ರಿಂದ ಸೋತರು. ಮೆಡೋಸ್ ಮತ್ತೆ ಆಡುವಂತಾಗಲೇ ಇಲ್ಲ. ಆ ದಿನವೂ ಗೋಲಿಗೆ ನಿಂತಿದ್ದವನು ಟ್ರೌಟ್‌ಮನ್. ಹಾಗಾಗಿ 1956ರಲ್ಲಿ, ಬ್ಯಾಕ್ ಆಗಿ ಆಡುತ್ತಿದ್ದ ರಾಯ್ ಲಿಟಲ್‌ನನ್ನು ಗೋಲಿಗೆ ನಿಲ್ಲಿಸೋಣ ಎಂಬ ಮಾತು ಬಂದಾಗ ಟ್ರೌಟ್‌ಮನ್ ಒಪ್ಪಲಿಲ್ಲ. ಅದನ್ನು ಶೌರ್ಯ ಎನ್ನಲು ನನ್ನ ಅಡ್ಡಿಯೇನಿಲ್ಲ. ಆದರೆ ಆ ಶೌರ್ಯಕ್ಕೆ ದಾರಿ ಮಾಡಿದ್ದು ಆಟದ ನಿಯಮ ಎಂಬುದನ್ನು ಮರೆಯಬಾರದು.

ಅವನು ಆ ಗೋಲುಪೆಟ್ಟಿಗೆಯ ಮುಂದೆ ಬಂದು ನಿಂತ ದಾರಿ ಇದಕ್ಕಿಂತ ವಿಚಿತ್ರವಾದದ್ದು.

ಬರ್ನ್‌ಹಾರ್ಡ್ ಟ್ರೌಟ್‌ಮನ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಬಂದರು ನಗರ ಬ್ರೆಮೆನ್‌ನಲ್ಲಿ, ಕಾರ್ಮಿಕ ಕುಟುಂಬದಲ್ಲಿ. ಹತ್ತನೇ ವಯಸ್ಸಿಗೇ ಹಿಟ್ಲರನ ಬಾಲಕರ ದಳಕ್ಕೆ ಸೇರಿದ. ಓದಿಗಿಂತ ಆಟದಲ್ಲಿ ಮುಂದು. ಫುಟ್‌ಬಾಲ್ ಜೊತೆಗೆ ಹ್ಯಾಂಡ್‌ಬಾಲ್ ಕೂಡ ಆಡುತ್ತಿದ್ದ. ಈ ಹ್ಯಾಂಡ್‌ಬಾಲ್ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ. 17 ವರ್ಷಕ್ಕೆ ವಾಯುಪಡೆ ಸೇರಿ, ಅದರ ಪ್ಯಾರಾಟ್ರೂಪರ್ ಪಡೆಯ ಸೈನಿಕನಾಗಿ ಪೂರ್ವದ ರಣರಂಗಕ್ಕೆ ಹೋದ. ಐರನ್ ಕ್ರಾಸ್ ಪದಕ ಬಂತು. ಉಕ್ರೇನಿನ ಒಂದು ಕಾಡಿನಲ್ಲಿ ಯಹೂದಿಗಳನ್ನು ಗುಂಡಿಯ ಅಂಚಿನಲ್ಲಿ ನಿಲ್ಲಿಸಿ ಕೊಲ್ಲುವುದನ್ನು ಮರೆಯಲ್ಲಿದ್ದು ನೋಡಿ, ತೆವಳಿಕೊಂಡು ವಾಪಸಾಗಿದ್ದ. ಅದನ್ನು ಅವನು ಬಿಡಿಸಿ ಹೇಳಿದ್ದು ಮುದುಕನಾದ ಮೇಲೆ.

ಯುದ್ಧದ ಕೊನೆಗಾಲದಲ್ಲಿ ರಷ್ಯನ್ನರ ಕೈಗೆ ಸಿಕ್ಕಿ ತಪ್ಪಿಸಿಕೊಂಡ, ಫ್ರೆಂಚ್ ಪ್ರತಿರೋಧ ಪಡೆಯ ಕೈಗೆ ಸಿಕ್ಕೂ ತಪ್ಪಿಸಿಕೊಂಡ. 1945ರಲ್ಲಿ ಒಂದು ಬೇಲಿ ಹಾರಿ ಇಳಿದದ್ದು ಬ್ರಿಟಿಷ್ ಸೈನಿಕನೊಬ್ಬನ ಕಾಲ ಬುಡದಲ್ಲೇ. ಆ ಸೈನಿಕ ಮೊದಲು ವಿಚಾರಿಸಿದ್ದು ‘ಟೀ ಕುಡಿಯುತ್ತೀಯಾ’ ಎಂದು. ಟ್ರೌಟ್‌ಮನ್ ಜೀವನವಿಡೀ ನಗುತ್ತ ಹೇಳಿಕೊಂಡು ಬಂದ ಕತೆಯಿದು.

ಇಂಗ್ಲೆಂಡಿನಲ್ಲಿ ಅವನನ್ನು ಮೊದಲು ‘ಸಿ’ ವರ್ಗಕ್ಕೆ ಹಾಕಿದರು. ಅಂದರೆ ಪಕ್ಕಾ ನಾತ್ಸಿ. ಕೈದಿಗಳಿಗೆಲ್ಲ ನಾತ್ಸಿಗಳ ಬೆಲ್ಸನ್ ಯಾತನಾ ಶಿಬಿರದ ಚಿತ್ರ ತೋರಿಸಿದರು. ಕೊನೆಗೆ ಲ್ಯಾಂಕಾಷೈರ್‌ನ ಆಷ್ಟನ್-ಇನ್-ಮೇಕರ್‌ಫೀಲ್ಡ್ ಎಂಬ ಊರಿನ ಶಿಬಿರಕ್ಕೆ ಬಂದ. ಬೇಸರ ಕಳೆಯಲು ಕೈದಿಗಳೇ ತಂಡ ಕಟ್ಟಿ ಊರಿನ ಹವ್ಯಾಸಿ ತಂಡಗಳ ಜೊತೆ ಆಡುತ್ತಿದ್ದರು. ಟ್ರೌಟ್‌ಮನ್ ಆಗ ಗೋಲ್‌ಕೀಪರ್ ಅಲ್ಲ, ಅಂಗಳದ ನಡುವೆ ಓಡಾಡಿಕೊಂಡಿದ್ದ ಆಟಗಾರ. ಒಂದು ಪಂದ್ಯದಲ್ಲಿ ಪೆಟ್ಟಾಯಿತು. ಹೊರಗೆ ಕೂರುವ ಬದಲು ಗೋಲಿಗೆ ನಿಂತವನ ಜೊತೆ ಜಾಗ ಬದಲಿಸಿಕೊಂಡ.

ನಮ್ಮ ಬೀದಿಯ ಆಟದಲ್ಲೂ ಇದೇ ರೂಢಿ. ಓಡಲಾರದವನು, ಕಾಲು ಉಳುಕಿದವನು, ಯಾರದೋ ತಮ್ಮ ಅಂತ ಸೇರಿಸಿಕೊಂಡ ಸಣ್ಣವನು: ಇವರನ್ನೇ ಗೋಲಿಗೆ ನಿಲ್ಲಿಸುತ್ತಿದ್ದೆವು. ಎರಡು ಕಲ್ಲಿನ ನಡುವೆ ನಿಂತು ಬೈಸಿಕೊಳ್ಳುವುದಷ್ಟೇ ಅವರ ಪಾಲು. ಮಹಾನ್ ಗೋಲ್‌ಕೀಪರ್ ಎನಿಸಿಕೊಂಡವನೊಬ್ಬ ಗೋಲಿಗೆ ಬಂದದ್ದೂ ಇದೇ ಬಾಗಿಲಿನಿಂದ ಎಂದು ಓದಿದಾಗ ನನಗೆ ಆ ಹುಡುಗರ ಮುಖಗಳು ನೆನಪಾದವು.

1948ರಲ್ಲಿ ಬಿಡುಗಡೆಯಾಯಿತು. ಊರಿಗೆ ಹೋಗುವ ಅವಕಾಶವಿದ್ದರೂ ಹೋಗಲಿಲ್ಲ. ಹೊಲದಲ್ಲಿ ದುಡಿದ, ಸಿಡಿಯದೆ ಉಳಿದಿದ್ದ ಬಾಂಬುಗಳನ್ನು ತೆಗೆಯುವ ಕೆಲಸಕ್ಕೂ ಸೇರಿದ. ವಾರದ ಕೊನೆಗೆ ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ಕ್ಲಬ್ಬಿನ ಗೋಲಿ. ‘ಬರ್ನ್‌ಹಾರ್ಡ್’ ಇಂಗ್ಲಿಷರ ನಾಲಿಗೆಯಲ್ಲಿ ‘ಬರ್ಟ್’ ಆಯಿತು. ಈ ಜರ್ಮನ್ನನನ್ನು ನೋಡಲೆಂದೇ ಜನ ಬರತೊಡಗಿದರು. ದೊಡ್ಡ ಕ್ಲಬ್ಬುಗಳ ಕಣ್ಣೂ ಬಿತ್ತು. 1949ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನನ್ನು ಸೇರಿಸಿಕೊಂಡಿತು.

ಮ್ಯಾಂಚೆಸ್ಟರ್ ಆಗ ಹೇಗಿತ್ತು ಎಂಬುದಕ್ಕೆ ಒಂದೇ ಸಂಗತಿ ಸಾಕು. ಜರ್ಮನ್ ಬಾಂಬುಗಳು ಹಾಳುಗೆಡವಿದ್ದ ಓಲ್ಡ್ ಟ್ರಾಫರ್ಡ್ ಅಂಗಳ ದುರಸ್ತಿಯಾಗುವವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ಎದುರಾಳಿ ಸಿಟಿಯ ಮೇನ್ ರೋಡ್ ಅಂಗಳದಲ್ಲಿ. ಅವರು ತಮ್ಮ ಮನೆಗೆ ಮರಳಿದ್ದು 1949ರ ಆಗಸ್ಟ್‌ನಲ್ಲಿ. ಅದಾಗಿ ಎರಡು ತಿಂಗಳಿಗೆ, ಬಾಂಬು ಹಾಕಿದ ಅದೇ ವಾಯುಪಡೆಯ ಮಾಜಿ ಸೈನಿಕ ಮೇನ್ ರೋಡ್‌ಗೆ ಬಂದಿಳಿದ! ಸುಮಾರು 20,000 ಜನ ಬೀದಿಗಿಳಿದರು ಎನ್ನುತ್ತಾರೆ. ಸೀಸನ್ ಟಿಕೆಟ್ ವಾಪಸು ಮಾಡುತ್ತೇವೆಂದು ಕ್ಲಬ್ಬಿಗೆ ಬೆದರಿಕೆಯ ಪತ್ರಗಳು ಬಂದವು. ಸಿಟಿಯ ನಾಯಕ ಎರಿಕ್ ವೆಸ್ಟ್‌ವುಡ್ ನಾರ್ಮಂಡಿಯಲ್ಲಿ ಜರ್ಮನ್ನರ ವಿರುದ್ಧ ಹೋರಾಡಿ ಬಂದವನು. ಡ್ರೆಸಿಂಗ್ ರೂಮಿನೊಳಗೆ ಯುದ್ಧ ಇಲ್ಲ ಎಂದು ಎಲ್ಲರೆದುರು ಹೇಳಿ, ಹೊಸಬನನ್ನು ಒಳಗೆ ಕರೆದುಕೊಂಡವನು ಅವನೇ.

ಊರಿನ ಬಾಗಿಲು ತೆರೆಸಿದವರು ಮಾತ್ರ ಮತ್ತೊಬ್ಬರು. ಮ್ಯಾಂಚೆಸ್ಟರಿನ ಯಹೂದಿ ಸಮುದಾಯದ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್. ಅವರೂ ಜರ್ಮನಿಯಿಂದಲೇ ಬಂದವರು, 1938ರಲ್ಲಿ ಬರ್ಲಿನ್ ಬಿಟ್ಟು ಓಡಿ ಬಂದವರು. ಹಿಂದೆ ಉಳಿದ ತಂದೆ ತಾಯಿಯನ್ನು ನಾತ್ಸಿಗಳು ಕೊಂದಿದ್ದರು. ಆಲ್ಟ್‌ಮನ್ ಊರಿನ ಪತ್ರಿಕೆಗೆ ಒಂದು ಪತ್ರ ಬರೆದರು. ಜರ್ಮನ್ನರ ಕೈಯಲ್ಲಿ ನಾವು ಅನುಭವಿಸಿದ್ದು ಭಯಂಕರವೇ. ಆದರೆ ಆ ಕೃತ್ಯಗಳಲ್ಲಿ ಕೈಯಿಲ್ಲದ ಒಬ್ಬ ಮನುಷ್ಯನನ್ನು ಅವನ ದೇಶದ ಲೆಕ್ಕಕ್ಕೆ ಶಿಕ್ಷಿಸುವುದು ಬೇಡ, ಒಬ್ಬೊಬ್ಬರನ್ನೂ ಅವರವರ ನಡತೆಯಿಂದಲೇ ಅಳೆಯಬೇಕು ಎಂಬುದು ಅದರ ತಾತ್ಪರ್ಯ. ಗದ್ದಲ ಮೆಲ್ಲಗೆ ಇಳಿಯಿತು. ಈ ಪತ್ರವನ್ನು ‘ಕ್ಷಮೆ’ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅದು ಅಳೆದು ತೂಗಿ ಬರೆದ ನ್ಯಾಯದ ಮಾತು. ಟ್ರೌಟ್‌ಮನ್ ಕಾಡಿನಲ್ಲಿ ಏನು ನೋಡಿದ್ದ ಎಂಬುದು ಅದನ್ನು ಬರೆದವರಿಗೆ ಆಗ ತಿಳಿದಿರುವ ಸಾಧ್ಯತೆ ಕಡಿಮೆ.

ಮೊದಲ ತಂಡದ ಪರ ಆಡಿದ ಮೊದಲ ಪಂದ್ಯ 1949ರ ನವೆಂಬರ್ 19ರಂದು, ಬೋಲ್ಟನ್ ವಾಂಡರರ್ಸ್ ಎದುರು, ಅವರ ಬರ್ನ್‌ಡನ್ ಪಾರ್ಕ್ ಅಂಗಳದಲ್ಲಿ. ಸಿಟಿ 3–0ಯಿಂದ ಸೋತಿತು. ಹೋದ ಊರಲ್ಲೆಲ್ಲ ಬೈಗುಳ. 1950ರ ಜನವರಿಯಲ್ಲಿ ಬಾಂಬಿನ ಗಾಯ ಇನ್ನೂ ಮಾಯದ ಲಂಡನ್‌ನಲ್ಲಿ ಫುಲ್‌ಹ್ಯಾಮ್ ಎದುರು ಆಡಿದ. ಸಿಟಿ ಹೀನಾಯವಾಗಿ ಸೋಲುತ್ತದೆಂದು ಎಲ್ಲರೂ ಎಣಿಸಿದ್ದರು. ಅವನು ಬಿಟ್ಟದ್ದು ಒಂದೇ ಗೋಲು. ಪಂದ್ಯ ಮುಗಿದಾಗ ಬೈಯಲು ಬಂದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎರಡೂ ತಂಡದ ಆಟಗಾರರು ಸಾಲಾಗಿ ನಿಂತು ದಾರಿ ಬಿಟ್ಟರು.

ಈಗ ಹ್ಯಾಂಡ್‌ಬಾಲ್‌ಗೆ ಬರೋಣ. ಆ ಕಾಲದ ಗೋಲ್‌ಕೀಪರ್ ಚೆಂಡು ಕೈಗೆ ಬಂದೊಡನೆ ಮಾಡುತ್ತಿದ್ದುದು ಒಂದೇ: ಬಲವಾಗಿ ಒದ್ದು ಮುಂದಕ್ಕೆ ಕಳಿಸುವುದು. ಅದು ಯಾರ ಪಾಲಾಗುತ್ತದೋ ದೇವರಿಗೇ ಗೊತ್ತು. ಟ್ರೌಟ್‌ಮನ್ ಎಸೆಯುತ್ತಿದ್ದ. ಬ್ರೆಮೆನ್‌ನಲ್ಲಿ ಪಳಗಿದ ತೋಳಿನಿಂದ, ಅಂಗಳದ ಅರ್ಧದವರೆಗೂ, ತನ್ನವನ ಕಾಲಿಗೇ ಮುಟ್ಟುವಂತೆ. 1953ರ ನವೆಂಬರ್‌ನಲ್ಲಿ ಹಂಗೇರಿ ತಂಡ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6–3ರಿಂದ ಸದೆಬಡಿದದ್ದು ಎಲ್ಲರ ಕಣ್ಣು ತೆರೆಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಹಿಂದೆ ಸರಿದು ಆಡಿದ್ದ. ಅವನನ್ನು ಕಾಯುವವರಿಗೆ ತಲೆಬುಡ ತಿಳಿಯಲಿಲ್ಲ. ಸಿಟಿಯ ಮ್ಯಾನೇಜರ್ ಲೆಸ್ ಮೆಕ್‌ಡೊವಾಲ್ 1954ರಲ್ಲಿ ಅದೇ ಪಾತ್ರವನ್ನು ಡಾನ್ ರೆವಿಗೆ ಕೊಟ್ಟ. ಆ ಹಂಚಿಕೆಗೆ ‘ರೆವಿ ಪ್ಲಾನ್’ ಎಂದೇ ಹೆಸರಾಯಿತು. ಮೊದಲ ಪಂದ್ಯದಲ್ಲೇ ಪ್ರೆಸ್ಟನ್ ಎದುರು 5–0 ಸೋಲು! ಆದರೂ ಬಿಡಲಿಲ್ಲ. ಟ್ರೌಟ್‌ಮನ್ ಎಸೆದ ಚೆಂಡು ಕೆನ್ ಬಾರ್ನ್ಸ್‌ಗೆ, ಅವನಿಂದ ರೆವಿಗೆ, ಅಲ್ಲಿಂದ ಮುಂದಕ್ಕೆ. ಎದುರಾಳಿ ತಿರುಗಿ ನಿಲ್ಲುವುದರೊಳಗೆ ದಾಳಿ ಅರ್ಧ ದಾರಿ ಸಾಗಿರುತ್ತಿತ್ತು. ಹೆಸರು ರೆವಿಯದ್ದಾದರೂ ಆ ಹಂಚಿಕೆ ನಡೆದದ್ದು ಗೋಲ್‌ಕೀಪರ್‌ನ ತೋಳಬಲದ ಮೇಲೆ. ಇಂದು ಗೋಲಿಯಿಂದಲೇ ಆಟ ಕಟ್ಟುವುದನ್ನು ಹೊಸ ಶೋಧವೆಂಬಂತೆ ಮಾತಾಡುವ ಟಿ.ವಿ. ಪಂಡಿತರು ಒಮ್ಮೆ ಆ ಸಿಟಿ ತಂಡದ ಕಡೆ ನೋಡಬೇಕು.

ಈ ಹಂಚಿಕೆಯೇ ಸಿಟಿಯನ್ನು ಎರಡು ವರ್ಷ ಸಾಲಾಗಿ ಫೈನಲ್‌ಗೆ ಒಯ್ದಿತು. 1956ರಲ್ಲಿ ಫುಟ್‌ಬಾಲ್ ಬರಹಗಾರರ ಸಂಘ ಟ್ರೌಟ್‌ಮನ್‌ನನ್ನು ವರ್ಷದ ಆಟಗಾರ ಎಂದು ಆರಿಸಿತು. ಆ ಗೌರವ ಪಡೆದ ಮೊದಲ ಗೋಲ್‌ಕೀಪರ್ ಅವನು.

ಮರ್ಫಿಯ ಮಂಡಿಯನ್ನು ದುರದೃಷ್ಟ ಎಂದು ತಳ್ಳಿಹಾಕಬಹುದು. ಆದರೆ ಚೆಂಡು ಹಿಡಿದ ಗೋಲ್‌ಕೀಪರ್‌ನನ್ನು ಭುಜ ಕೊಟ್ಟು ಗುದ್ದುವುದು ಆಗ ನಿಯಮಬದ್ಧವಾಗಿತ್ತು. ಮರುವರ್ಷದ ಫೈನಲ್‌ನ ಆರನೇ ನಿಮಿಷದಲ್ಲಿ ಯುನೈಟೆಡ್‌ನ ಗೋಲಿ ರೇ ವುಡ್‌ಗೆ ಆಸ್ಟನ್ ವಿಲ್ಲಾದ ಪೀಟರ್ ಮೆಕ್‌ಪಾರ್ಲೆಂಡ್ ಡಿಕ್ಕಿ ಹೊಡೆದು ಕೆನ್ನೆಯ ಮೂಳೆ ಮುರಿದ. ಆಮೇಲೆ ಎರಡು ಗೋಲು ಹೊಡೆದು ಕಪ್ಪನ್ನೂ ಗೆದ್ದ. ಅದರ ಮರುವರ್ಷ ಬೋಲ್ಟನ್‌ನ ನ್ಯಾಟ್ ಲಾಫ್ಟ್‌ಹೌಸ್, ಯುನೈಟೆಡ್‌ನ ಹ್ಯಾರಿ ಗ್ರೆಗ್‌ನನ್ನು ಚೆಂಡಿನ ಸಮೇತ ಗೋಲಿನೊಳಗೆ ತಳ್ಳಿದ. ರೆಫರಿ ಗೋಲು ಕೊಟ್ಟರು. ಸಾಲಾಗಿ ಮೂರು ಫೈನಲ್, ನೆಲಕ್ಕೆ ಬಿದ್ದ ಮೂವರು ಗೋಲ್‌ಕೀಪರ್‌ಗಳು. ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಪ್ ಗೆದ್ದ ರಾತ್ರಿ ಟ್ರೌಟ್‌ಮನ್ ತಲೆ ಅಲುಗಿಸಲಾಗದೆ ಔತಣದಲ್ಲಿ ಕುಳಿತಿದ್ದ. ಮೊದಲು ತೋರಿಸಿದ ಕಡೆ ಕತ್ತು ಹಿಡಿದಿದೆಯಷ್ಟೇ ಎಂದು ಕಳಿಸಿದರು. ದಿನಗಳ ನಂತರ ಎಕ್ಸ್‌ರೇ ತೆಗೆದಾಗ ಕತ್ತಿನ ಐದು ಮಣಿಗಳು ಸ್ಥಾನ ತಪ್ಪಿದ್ದವು, ಎರಡನೆಯದು ಸೀಳಿ ಎರಡಾಗಿತ್ತು. ಮೂರನೆಯದು ಅದಕ್ಕೆ ಆತುಕೊಂಡು ಸಿಕ್ಕಿಕೊಂಡಿದ್ದರಿಂದ ಜೀವ ಉಳಿದಿತ್ತು. ಕೆಲವೇ ವಾರಗಳಲ್ಲಿ ಅವನ ಐದು ವರ್ಷದ ಮಗ ಕಾರಿನಡಿ ಸಿಕ್ಕಿ ತೀರಿಕೊಂಡ. ಆ ವರ್ಷದ ಡಿಸೆಂಬರಿನಲ್ಲಿ ಮೀಸಲು ತಂಡದ ಪರವಾಗಿ ಮತ್ತೆ ಗೋಲಿಗೆ ನಿಂತ. ಮೊದಲಿನ ಲಯ ಸಿಗಲು ಬಹಳ ಕಾಲ ಹಿಡಿಯಿತು.

1964ರವರೆಗೆ ಸಿಟಿಗೆ 545 ಪಂದ್ಯ ಆಡಿದ. ಜರ್ಮನಿಗೆ ಒಂದೂ ಇಲ್ಲ. ವಿದೇಶಿ ಕ್ಲಬ್ಬಿನಲ್ಲಿರುವವರನ್ನು ಕರೆಯುವುದಿಲ್ಲ ಎಂಬುದು ಅಲ್ಲಿನ ಕೋಚ್ ಸೆಪ್ ಹರ್ಬರ್ಗರ್‌ನ ನಿಲುವು. 1954ರ ವಿಶ್ವಕಪ್ಪನ್ನು ಪಶ್ಚಿಮ ಜರ್ಮನಿ ಅವನಿಲ್ಲದೆಯೇ ಗೆದ್ದಿತು. ನಿವೃತ್ತಿಯ ನಂತರ ಬರ್ಮಾ, ತಾಂಜಾನಿಯಾ, ಲೈಬೀರಿಯಾ, ಪಾಕಿಸ್ತಾನಗಳಲ್ಲಿ ಆಟ ಕಲಿಸುತ್ತ ತಿರುಗಿದ. 2004ರಲ್ಲಿ ಬ್ರಿಟನ್ ಒ.ಬಿ.ಇ. ಗೌರವ ಕೊಟ್ಟಿತು. 2013ರ ಜುಲೈನಲ್ಲಿ ಸ್ಪೇನಿನಲ್ಲಿ ತೀರಿಕೊಂಡಾಗ ಅವನಿಗೆ 89 ವರ್ಷ.

ಅವನು ಸಿಟಿಯನ್ನು ಬಿಟ್ಟ ಮರುವರ್ಷ, ಗಾಯಗೊಂಡವನ ಬದಲಿಗೆ ಒಬ್ಬನನ್ನು ಇಳಿಸಬಹುದೆಂದು ಇಂಗ್ಲಿಷ್ ಲೀಗ್ ಒಪ್ಪಿಕೊಂಡಿತು. 1965ರ ಆಗಸ್ಟ್ 21ರಂದು ಚಾರ್ಲ್ಟನ್ ತಂಡದ ಕೀತ್ ಪೀಕಾಕ್ ಹಾಗೆ ಅಂಗಳಕ್ಕಿಳಿದ ಮೊದಲ ಬದಲಿ ಆಟಗಾರನಾದ. ಪಂದ್ಯ ನಡೆದದ್ದು ಬೋಲ್ಟನ್‌ನ ಬರ್ನ್‌ಡನ್ ಪಾರ್ಕ್‌ನಲ್ಲಿ. ಪೆಟ್ಟು ತಿಂದು ಹೊರಗೆ ಹೋದವನು ಗೋಲ್‌ಕೀಪರ್.