ಕಣ್ಣಿನ ಪರೀಕ್ಷೆಗೆ ಹಳದಿ ಇಂಜೆಕ್ಷನ್ ಏಕೆ?

ನಿಮ್ಮ ಮನೆಯಲ್ಲಿ ಅಬ್ಬಾ ಅಥವಾ ಅಮ್ಮಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆಯೇ? ಗುತ್ತಲದಿಂದ ಹುಬ್ಬಳ್ಳಿಗೋ ದಾವಣಗೆರೆಗೋ ಕಣ್ಣು ತೋರಿಸಲು ಕರೆದೊಯ್ದಾಗ ವೈದ್ಯರು ‘ಆಂಜಿಯೋಗ್ರಫಿ’ ಎಂದರೆ, ಹೃದಯದ್ದೆಂದು ಗಾಬರಿಯಾಗಬೇಡಿ. ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಚುಚ್ಚಿ, ಕಣ್ಣಿನ ಹಿಂಭಾಗದ ಫೋಟೊ ತೆಗೆಯುತ್ತಾರೆ, ಅಷ್ಟೆ. 1961ರಿಂದಲೂ ನಡೆದು ಬಂದ ಪರೀಕ್ಷೆಯಿದು.

ನೀಲಿ ಬೆಳಕು ಬಿದ್ದರೆ ಈ ಬಣ್ಣ ಹಸಿರಾಗಿ ಹೊಳೆಯುತ್ತದೆ. ರಕ್ತ ಸೇರಿದೊಡನೆ ಅದರ ಸುಮಾರು ಶೇ. 80 ಭಾಗ ಪ್ರೋಟೀನುಗಳಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ. ಲಿವರ್ ತಯಾರಿಸುವ ಈ ಅಲ್ಬುಮಿನ್ ಬ್ಯಾಡಗಿ ಮಾರುಕಟ್ಟೆಯ ಹಮಾಲನಿದ್ದಂತೆ. ನುಂಗಿದ ಎಷ್ಟೋ ಔಷಧಿಗಳನ್ನೂ, ಕಾಮಾಲೆಯ ಹಳದಿ ಬಿಲಿರುಬಿನ್ನನ್ನೂ ಅದೇ ಹೊರುತ್ತದೆ. ಅದರ ಹೆಗಲೇರಿದ ಬಣ್ಣ ರಕ್ತನಾಳ ದಾಟಿ ಹೋಗುವುದು ಕಷ್ಟ, ಹೊಳಪೂ ಕಡಿಮೆ. ಬಿಡಿಯಾಗಿ ಉಳಿದ ಬಣ್ಣವೇ ಚೆನ್ನಾಗಿ ಹೊಳೆಯುವುದು. ರೆಟಿನಾದ ಆರೋಗ್ಯವಂತ ನಾಳಗಳು ಅದನ್ನೂ ಹೊರಬಿಡುವುದಿಲ್ಲ. ಸಕ್ಕರೆಯಿಂದ ಹಾಳಾದ ನಾಳಗಳು ಬಿಡುತ್ತವೆ. ಸೋರಿದ ಜಾಗ ಫೋಟೊದಲ್ಲಿ ಬೆಳ್ಳಗೆ ಕಾಣುತ್ತದೆ. ಲೇಸರ್ ಎಲ್ಲಿ ಬೇಕೆಂದು ನಿರ್ಧರಿಸಲು ವೈದ್ಯರಿಗೆ ಇದು ನೆರವಾಗುತ್ತದೆ.

ಚರ್ಮದ ನಾಳಗಳು ಅಷ್ಟು ಬಿಗಿಯಲ್ಲ. ಅದಕ್ಕೇ ಮೈ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರದ ಬಣ್ಣ ತಿಳಿಯಾಗಲು ಒಂದೂವರೆ ದಿನ ಬೇಕಾದೀತು. ಇದು ಕಾಮಾಲೆಯಲ್ಲ, ಮನೆಮದ್ದು ಕುಡಿಸಬೇಡಿ. ಇಂಜೆಕ್ಷನ್ ಆದಾಗ ಕೆಲವರಿಗೆ ವಾಕರಿಕೆ ಬಂದು ಬೇಗ ಹೋಗುತ್ತದೆ. ತುರಿಕೆ, ಉಸಿರಾಟದ ತೊಂದರೆ ಅಪರೂಪ, ಆದರೆ ಆದರೆ ಕೂಡಲೇ ಹೇಳಬೇಕು. ಅಲರ್ಜಿ, ಆಸ್ತಮಾ, ಕಿಡ್ನಿ ತೊಂದರೆ, ಗರ್ಭ ಇದ್ದರೆ ಮೊದಲೇ ತಿಳಿಸಿ. ಮುಂದಿನ ಮೂರು-ನಾಲ್ಕು ದಿನಗಳಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸುವುದಿದ್ದರೆ ಲ್ಯಾಬಿನವರಿಗೂ ಹೇಳಿ, ಬಣ್ಣ ಉಳಿದಿದ್ದರೆ ಕೆಲವು ಫಲಿತಾಂಶ ತಪ್ಪಾಗಬಹುದು.