ಹೀರುವುದು ಎಂದರೆ ಎಳೆಯುವುದಲ್ಲ!

ಪರಂಗಿ ಎಲೆಯ ದಂಟನ್ನು ಲೋಟದಲ್ಲಿಟ್ಟು ಹೀರಿದರೆ ನೀರು ಬಾಯಿಗೆ ಬರುತ್ತದೆ. ಅದನ್ನು ನಾವೇ ಎಳೆಯುತ್ತೇವೆ ಅಂತ ನಾನೂ ತಿಳಿದಿದ್ದೆ. ಅದು ತಪ್ಪು. ನಾವು ದಂಟಿನೊಳಗಿನ ಗಾಳಿಯನ್ನು ಕಡಿಮೆ ಮಾಡುತ್ತೇವೆ, ಅಷ್ಟೇ. ಆಗ ಹೊರಗಿನ ಗಾಳಿ ಲೋಟದ ನೀರನ್ನು ಒತ್ತಿ ದಂಟಿನೊಳಗೆ ಏರಿಸುತ್ತದೆ. ನಂಬಿಕೆ ಬಾರದಿದ್ದರೆ ಬಾಟಲಿಯ ತುಂಬ ನೀರು ತುಂಬಿ, ಮುಚ್ಚಳದ ತೂತಿನಲ್ಲಿ ಕೊಳವೆ ಇಟ್ಟು, ಸುತ್ತಲೂ ಗೋಧಿಹಿಟ್ಟು ಮೆತ್ತಿ ಹೀರಿ ನೋಡಿ. ಕೆನ್ನೆ ನೋಯುತ್ತದೆ, ನೀರು ಬರೋದಿಲ್ಲ. ಗಾಳಿಗೆ ಒತ್ತಲು ಜಾಗವೇ ಇಲ್ಲವಲ್ಲ!

ಹೋದ ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಬಹಳ ಕೆಳಗೆ ಇಳಿಯಿತು. ದಡದ ಮೇಲಿದ್ದ ಮೋಟರ್ ಗುಂಯ್ ಅಂತ ತಿರುಗುತ್ತಿತ್ತು, ಒಂದು ಹನಿಯೂ ಬರಲಿಲ್ಲ. ಟೊಮೆಟೊ ಗಿಡ ಬಾಡುತ್ತಿದ್ದವು. ಪೈಪಿನ ಗಾಳಿ ಹೋಗಲೆಂದು ಅಪ್ಪ ಸಗಣಿ ನೀರು ಹೊಯ್ದರು, ಫುಟ್‌ವಾಲ್ವ್ ಬಿಚ್ಚಿ ತೊಳೆದರು. ದೊಡ್ಡಪ್ಪ "ದೊಡ್ಡ ಮೋಟರ್ ಹಾಕಪ್ಪಾ" ಅಂದರು. ಅಪ್ಪ ಸಾಲ ಕೇಳಲು ಹೊರಟೇಬಿಟ್ಟರು.

ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಟಾರಿಸೆಲ್ಲಿಯ ವಿಷಯ ಹೇಳಿದರು. ಆತ ಇಟಲಿಯವನು. ಗಾಳಿಯ ಒತ್ತಡ ಪಾದರಸವನ್ನು ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ಮಾತ್ರ ಹಿಡಿದು ನಿಲ್ಲಿಸುತ್ತದೆ ಎಂದು 1644ರಲ್ಲಿ ಪತ್ರ ಬರೆದು ವಿವರಿಸಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ ನೀರಿಗೆ ಸುಮಾರು 10.3 ಮೀಟರ್, ಅಂದರೆ 34 ಅಡಿ. ಇದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಬಯಲುಸೀಮೆ ಎತ್ತರದಲ್ಲಿದೆ, ಇಲ್ಲಿ ಇನ್ನೂ ಕಡಿಮೆ. ಪೈಪಿನ ಸೋರಿಕೆ, ತಿರುವು ಎಲ್ಲ ಸೇರಿದರೆ 20–25 ಅಡಿ ಸಿಕ್ಕರೆ ಪುಣ್ಯ. ಎಷ್ಟೇ ದೊಡ್ಡ ಮೋಟರ್ ತಂದರೂ ಗಾಳಿಯ ಒತ್ತಡ ಹೆಚ್ಚಾಗುವುದಿಲ್ಲ.

ಸಂಜೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು ಅಳೆದೆ. ಮೋಟರಿನಿಂದ ನೀರಿಗೆ 36 ಅಡಿ! ಅಪ್ಪನಿಗೆ ಹೇಳಿದೆ. "ಸುಮ್ಮನಿರೋ, ಬಂದ ಇವನು" ಎಂದು ಬೈದರು. ಮರುದಿನ ಮೋಟರ್ ರಿಪೇರಿಯವರು ಬಂದು ಅದನ್ನೇ ಹೇಳಿದಾಗ ಮಾತ್ರ ಒಪ್ಪಿದರು. (ನನಗೆ ಸ್ವಲ್ಪ ಸಿಟ್ಟು ಬಂತು.) ಮೋಟರನ್ನು ಬಾವಿಯೊಳಗಿನ ಕಲ್ಲುಚಪ್ಪಡಿಗೆ ಇಳಿಸಿದರು. ನೀರು ಬಂತು, ಸಾಲ ತಪ್ಪಿತು. ಕೆಳಗಿನಿಂದ ಮೇಲಕ್ಕೆ ನೀರು ತಳ್ಳುವುದು ಮೋಟರಿನ ಶಕ್ತಿ, ಅದಕ್ಕೆ 34 ಅಡಿಯ ಲೆಕ್ಕ ಇಲ್ಲ. ಕೊಳವೆಬಾವಿಯ ಮೋಟರನ್ನು ನೀರಿನೊಳಗೇ ಇಳಿಸುವುದೂ ಇದಕ್ಕೇ.

ಮಳೆಗಾಲದಲ್ಲಿ ನೀರು ಏರುವ ಮೊದಲು ಮೋಟರನ್ನು ಮತ್ತೆ ಮೇಲೆತ್ತಬೇಕು, ಇಲ್ಲದಿದ್ದರೆ ಮುಳುಗುತ್ತದೆ. ಹಗ್ಗ ಹಿಡಿಯಲು ಜನ ಬೇಕು. ಏಳನೇ ತರಗತಿಯವರು ಬನ್ನಿ, ಅಮ್ಮ ಮಂಡಕ್ಕಿ ಮಾಡುತ್ತಾರೆ.